ರೇಷ್ಮೆ ಕಾಲುಚೀಲದ ಆಯುಸ್ಸು

ಹಿಂದೂಪುರದ ಮಾರುಕಟ್ಟೆಗೆ ಗೂಡು ಕೊಂಡೊಯ್ದ ತಂದೆ ಸಂಜೆ ಮನೆಗೆ ಮರಳಿದಾಗ, ಆ ಗೂಡೆಲ್ಲ ಮುಂದೆ ಏನಾಗುತ್ತದೆ ಎಂದು ಮಕ್ಕಳು ಕೇಳುವುದುಂಟು. ಸೀರೆಯಾಗುತ್ತದೆ ಎಂಬುದು ಸಿದ್ಧ ಉತ್ತರ. ಮಡಕಶಿರ, ಹೊಸೂರು, ತಾಳವಾಡಿಗಳ ಹುಳುಮನೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಜಗತ್ತಿನ ರೇಷ್ಮೆ ವ್ಯಾಪಾರದ ದೊಡ್ಡದೊಂದು ಪಾಲು ಸೀರೆಗಾಗಲಿ ಪೀತಾಂಬರಕ್ಕಾಗಲಿ ಹೋಗುತ್ತಿರಲಿಲ್ಲ. ಅದು ಹೋಗುತ್ತಿದ್ದುದು ಅಮೆರಿಕದ ಹೆಂಗಸರ ಕಾಲಿಗೆ. ಜಪಾನಿನಿಂದ ಹಡಗೇರಿದ ಕಚ್ಚಾ ರೇಷ್ಮೆಯ ಬಹುಭಾಗವನ್ನು ಅಮೆರಿಕ ಕೊಳ್ಳುತ್ತಿತ್ತು. 1930ರ ದಶಕದ ಕೊನೆಯ ಹೊತ್ತಿಗೆ ಆ ದೇಶಕ್ಕೆ ಬಂದಿಳಿದ ರೇಷ್ಮೆಯಲ್ಲಿ ಹೆಚ್ಚಿನದು ತೊಡೆಯವರೆಗೆ ಏರುವ ತೆಳ್ಳನೆಯ ಕಾಲುಚೀಲವಾಗಿ ಮಾರ್ಪಡುತ್ತಿತ್ತು. ಸೀರೆಯೊಂದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಾಗಬಲ್ಲದು. ಈ ಕಾಲುಚೀಲವೋ ಕೆಲವು ವಾರ ಬಾಳಿದರೆ ಅದೇ ಭಾಗ್ಯವೆನಿಸುತ್ತಿತ್ತು. ಅದರ ಆಯುಸ್ಸನ್ನು ಇನ್ನೊಂದೆರಡು ವಾರ ಹಿಗ್ಗಿಸಲು ಆ ಕಾಲದ ಹೆಂಗಸರು ಕಂಡುಕೊಂಡ ಉಪಾಯಗಳಲ್ಲಿ ರೇಷ್ಮೆಯ ಸ್ವಭಾವವೇ ಅಡಗಿದೆ. ರೇಷ್ಮೆ ಬೆಳೆಯುವ ಸೀಮೆಯವರು ಅದನ್ನು ತಿಳಿಯತಕ್ಕದ್ದೇ.

ಮೊದಲು ವಸ್ತುವಿನ ವಿಚಾರ. ಸೀರೆ ನೇಯ್ದ ಬಟ್ಟೆ. ಕಾಲುಚೀಲ ಹೆಣೆದ ಬಟ್ಟೆ. ನೇಯ್ಗೆಯಲ್ಲಿ ಹಾಸೂ ಹೊಕ್ಕೂ ಒಂದನ್ನೊಂದು ಅಡ್ಡಲಾಗಿ ಹಿಡಿದು ನಿಲ್ಲುತ್ತವೆ. ಒಂದು ಎಳೆ ಹರಿದರೆ ಅಲ್ಲಿ ಚಿಕ್ಕದೊಂದು ತೂತು ಬೀಳಬಹುದು, ಅಷ್ಟೆ. ಹೆಣಿಗೆಯ ರೀತಿ ಬೇರೆ. ಅಲ್ಲಿ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಹರಿದು, ಒಂದು ಕುಣಿಕೆಯ ಹೊಟ್ಟೆಯೊಳಗಿಂದ ಮತ್ತೊಂದು ಕುಣಿಕೆ ಹೊರಬರುತ್ತದೆ. ಪ್ರತಿಯೊಂದೂ ತನ್ನ ನೆರೆಯದನ್ನು ನಂಬಿಕೊಂಡು ನಿಂತಿರುತ್ತದೆ. ಕಾಲಿನ ಆಕಾರಕ್ಕೆ ಹಿಗ್ಗುವ ಗುಣ ಹೆಣಿಗೆಗೆ ಬಂದಿರುವುದು ಇದರಿಂದಲೇ. ಅದರ ದೌರ್ಬಲ್ಯದ ಮೂಲವೂ ಇದೇ. ಒಂದು ಕುಣಿಕೆ ಕತ್ತರಿಸಿತೆಂದರೆ ಆ ಸಾಲಿನ ಮುಂದಿನ ಕುಣಿಕೆ ಜಾರುತ್ತದೆ, ಅದರ ಮುಂದಿನದು ಜಾರುತ್ತದೆ, ಕ್ಷಣಮಾತ್ರದಲ್ಲಿ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಉದ್ದನೆಯ ಬಿರುಕು ತೆರೆಯುತ್ತದೆ. ಅದರ ನಡುವೆ ಅಡ್ಡ ಎಳೆಗಳು ಮಾತ್ರ ಮೆಟ್ಟಿಲಿನಂತೆ ಉಳಿಯುವುದರಿಂದ ಇಂಗ್ಲೆಂಡಿನವರು ಅದನ್ನು ಏಣಿ ಎಂದು ಕರೆದರು. ಅಮೆರಿಕದವರು ಓಟ ಎಂದರು. ಎರಡೂ ಹೆಸರು ಸರಿಯೇ. ಮನೆಯಲ್ಲಿ ಹಳೆಯ ಉಣ್ಣೆಯ ಅಂಗಿ ಇದ್ದರೆ ಮಕ್ಕಳು ಅದರ ಒಂದು ಕುಣಿಕೆಯನ್ನು ಕತ್ತರಿಸಿ, ಬಟ್ಟೆಯನ್ನು ಎರಡು ಕಡೆಗೆ ಮೆಲ್ಲಗೆ ಎಳೆದು ನೋಡಬಹುದು. ಏಣಿ ಕಣ್ಣೆದುರೇ ಏರುತ್ತದೆ. ತಾಯಿಯ ಅಪ್ಪಣೆ ಪಡೆದೇ ಈ ಪ್ರಯೋಗಕ್ಕೆ ಕೈ ಹಾಕುವುದು ಕ್ಷೇಮ.

ಯಂತ್ರದಿಂದ ಕಾಲುಚೀಲ ಹೆಣೆಯುವ ವಿದ್ಯೆ ಹಳೆಯದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ಕ್ಯಾಲ್ವರ್ಟನ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಲೀ 1589ರಲ್ಲಿ ಹೆಣಿಗೆಯ ಚೌಕಟ್ಟನ್ನು ರೂಪಿಸಿದನೆಂದು ಹೇಳಲಾಗುತ್ತದೆ. ರಾಣಿ ಎಲಿಜಬೆತ್ ಅವನಿಗೆ ಹಕ್ಕುಪತ್ರ ಕೊಡಲಿಲ್ಲ. ಕೈಹೆಣಿಗೆಯಿಂದ ಹೊಟ್ಟೆ ಹೊರೆಯುವ ಬಡವರ ಗತಿಯೇನೆಂಬ ಚಿಂತೆ ಆಕೆಗಿತ್ತೆಂಬ ಕಥೆ ಪ್ರಚಲಿತವಾಗಿದೆ. ಬಳಿಕ 1864ರಲ್ಲಿ ಲಫ್‌ಬರೋ ಪಟ್ಟಣದ ವಿಲಿಯಂ ಕಾಟನ್ ಪಡೆದ ಹಕ್ಕುಪತ್ರದ ಯಂತ್ರ ಈ ಉದ್ಯಮದ ಗತಿಯನ್ನೇ ಬದಲಿಸಿತು. ಅದು ಕಾಲುಚೀಲವನ್ನು ಚಪ್ಪಟೆಯಾಗಿ ಹೆಣೆಯುತ್ತ, ಮೀನಖಂಡ ಬಂದಲ್ಲಿ ಅಗಲವಾಗಿಸಿ ಕಣಕಾಲು ಬಂದಲ್ಲಿ ಕುಣಿಕೆಗಳನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಕೊನೆಗೆ ಎರಡು ಅಂಚುಗಳನ್ನು ಹಿಂಬದಿಯಲ್ಲಿ ಕೂಡಿಸಿ ಹೊಲಿಯಬೇಕು. ಹಳೆಯ ಇಂಗ್ಲಿಷ್ ಚಿತ್ರಗಳಲ್ಲಿ ಹೆಂಗಸರ ಕಾಲಿನ ಹಿಂದೆ ಕಾಣುವ ನೇರ ಗೆರೆ ಅದೇ ಹೊಲಿಗೆ.

ನೂಲಿನ ತೆಳುವನ್ನು ಅಳೆಯುವ ಲೆಕ್ಕ ಡೆನಿಯರ್. ಒಂಬತ್ತು ಕಿಲೋಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಕಾಲುಚೀಲಕ್ಕೆ ಬಳಸುತ್ತಿದ್ದ ಕಚ್ಚಾ ರೇಷ್ಮೆಯ ಎಳೆ 13ರಿಂದ 15 ಡೆನಿಯರಿನದು. ಐದಾರು ಗೂಡುಗಳ ಎಳೆ ಕೂಡಿದರೆ ಅಂಥದೊಂದಾಗುತ್ತದೆ. ಒಂಬತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಹಾಸಿದರೆ ಅದರ ತೂಕ ಸುಮಾರು 14 ಗ್ರಾಂ. ಇಂಥ ಎರಡೋ ಮೂರೋ ನಾಲ್ಕೋ ಎಳೆಗಳನ್ನು ಹುರಿಗೊಳಿಸಿದರೆ ಮೈ ಕಾಣುವಷ್ಟು ತೆಳ್ಳಗಿನ ಚೀಲ. ಏಳೆಂಟು ಎಳೆ ಸೇರಿಸಿದರೆ ನಿತ್ಯದ ಕೆಲಸಕ್ಕೆ ತಾಳುವ ಚೀಲ. ಬೇಗ ಸವೆಯುವ ಹಿಮ್ಮಡಿ, ಬೆರಳುಗಳ ಭಾಗ ಮತ್ತು ಮೇಲಂಚಿನ ಪಟ್ಟಿಗೆ ಎಷ್ಟೋ ವೇಳೆ ಹತ್ತಿಯ ನೂಲು ಸೇರಿಸುತ್ತಿದ್ದರು. ಚೆಂದ ಹೆಚ್ಚಿದಷ್ಟೂ ಬಾಳಿಕೆ ಕಡಿಮೆ. ಕೊಳ್ಳುವವರಿಗೆ ಇದು ಗೊತ್ತಿತ್ತು, ಮಾರುವವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಇದು ಸಿರಿವಂತರ ಶೋಕಿಯ ಮಾತು ಎಂದು ತೋರಬಹುದು. ಮೊದಲು ಹಾಗೆಯೇ ಇತ್ತು. 1920ರ ದಶಕದಲ್ಲಿ ಲಂಗದ ಅಂಚು ಮೊಣಕಾಲಿನತ್ತ ಏರಿದ ಮೇಲೆ ಕಾಲುಚೀಲ ಎಲ್ಲರ ಕಣ್ಣಿಗೂ ಬೀಳುವ ಉಡುಪಾಯಿತು. ಅದೇ ಕಾಲದಲ್ಲಿ ಲಕ್ಷಾಂತರ ಹುಡುಗಿಯರು ಬೆರಳಚ್ಚು, ಟೆಲಿಫೋನು, ಅಂಗಡಿಯ ಗಲ್ಲಾ ಮೊದಲಾದ ಕೆಲಸಗಳಿಗೆ ಸೇರಿದರು. ಬರಿಗಾಲಿನಲ್ಲಿ ಕಚೇರಿಗೆ ಬರುವುದು ಅಲ್ಲಿ ಸಭ್ಯತೆಗೆ ಸಲ್ಲದು. ಏಣಿ ಬಿದ್ದ ಚೀಲವೂ ಸಲ್ಲದು. ಹೀಗೆ ಶೋಕಿಯ ವಸ್ತು ಉದ್ಯೋಗದ ಸಮವಸ್ತ್ರವಾಯಿತು. ಅದರ ಖರ್ಚು ಮಾತ್ರ ಉಡುವವಳದೇ. ಅಮೆರಿಕದಲ್ಲಿ 1930ರ ದಶಕದ ಕೊನೆಗೆ ಒಳ್ಳೆಯ ಜೋಡಿಯೊಂದರ ಬೆಲೆ ಒಂದು ಡಾಲರಿನ ಆಸುಪಾಸಿನಲ್ಲಿತ್ತು. 1938ರ ಕಾನೂನು ಕಾರ್ಖಾನೆಗಳಿಗೆ ಗೊತ್ತುಪಡಿಸಿದ ಕನಿಷ್ಠ ಕೂಲಿ ಗಂಟೆಗೆ 25 ಸೆಂಟು. ನಾಲ್ಕು ಗಂಟೆಯ ದುಡಿಮೆಗೆ ಒಂದು ಜೋಡಿ ಎಂದಾಯಿತು. ಅಂಗಡಿಗಳಲ್ಲಿ ನಿಂತು ಮಾರುವ ಹುಡುಗಿಯರಿಗೆ ಬಹುಮಟ್ಟಿಗೆ ಆ ಕಾನೂನಿನ ರಕ್ಷಣೆಯೂ ಇರಲಿಲ್ಲ. ಬೆಳಿಗ್ಗೆ ಬಸ್ಸಿನ ಆಸನದ ಮೊಳೆಯೊಂದು ತಾಗಿದರೆ ಅರ್ಧ ದಿನದ ಸಂಬಳ ಮಧ್ಯಾಹ್ನದೊಳಗೆ ಕಾಲಿನಿಂದ ಕೆಳಗಿಳಿದು ಹೋಗುತ್ತಿತ್ತು. ಚೀಲದ ಆಯುಸ್ಸು ಹಿಗ್ಗಿಸುವ ವಿದ್ಯೆ ಇಂಥವರ ಕೈಯಲ್ಲಿ ಬೆಳೆದದ್ದು.

ಆ ವಿದ್ಯೆಯನ್ನು ಅರಿಯಲು ರೇಷ್ಮೆಯ ಒಳಗನ್ನು ಸ್ವಲ್ಪ ನೋಡಬೇಕು. ಹುಳು ಉಗುಳುವ ಎಳೆ ವಾಸ್ತವವಾಗಿ ಎರಡು ಎಳೆ. ಫೈಬ್ರೋಯಿನ್ ಎಂಬ ಪ್ರೋಟೀನಿನ ಎರಡು ತಂತುಗಳನ್ನು ಸೆರಿಸಿನ್ ಎಂಬ ಅಂಟು ಸುತ್ತಿ ಹಿಡಿದಿರುತ್ತದೆ. ಗೂಡಿನ ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ. ಬಿಚ್ಚಣಿಕೆಯ ಮನೆಯಲ್ಲಿ ಗೂಡನ್ನು ಬಿಸಿನೀರಿಗೆ ಹಾಕುವುದು ಅಂಟನ್ನು ಸಡಿಲಿಸಿ ಎಳೆಯ ತುದಿ ಹಿಡಿಯುವುದಕ್ಕಾಗಿ. ನೂಲು ತೆಗೆದ ಮೇಲೂ ಅಂಟಿನ ಬಹುಪಾಲು ಉಳಿದೇ ಇರುತ್ತದೆ. ಕಾಲುಚೀಲದ ಕಾರ್ಖಾನೆಗಳು ಆ ಅಂಟನ್ನು ಉಳಿಸಿಕೊಂಡೇ ಹೆಣೆಯುತ್ತಿದ್ದವು. ಸೂಜಿಗಳ ಉಜ್ಜಾಟದಿಂದ ಎಳೆಯನ್ನು ಅದು ಕಾಪಾಡುತ್ತಿತ್ತು. ಹೆಣಿಗೆ ಮುಗಿದ ಬಳಿಕ ಸಾಬೂನಿನ ನೀರಿನಲ್ಲಿ ಕುದಿಸಿ ಅಂಟು ತೆಗೆದು, ಬಣ್ಣ ಹಾಕಿ, ಕಾಲಿನ ಆಕಾರದ ಹಲಗೆಗಳಿಗೆ ಏರಿಸಿ ಒಣಗಿಸುತ್ತಿದ್ದರು. ಅಂಗಡಿಗೆ ಬರುವ ಹೊತ್ತಿಗೆ ಮಿರುಗು ಬಂದಿರುತ್ತಿತ್ತು, ಕವಚ ಹೋಗಿರುತ್ತಿತ್ತು.

ಬರಿಯ ಫೈಬ್ರೋಯಿನ್ ದುರ್ಬಲವೆಂದು ಭಾವಿಸಬಾರದು. ಒಣಗಿದ ಸ್ಥಿತಿಯಲ್ಲಿ ಅದು ಅತ್ಯಂತ ಗಟ್ಟಿಯಾದ ನೈಸರ್ಗಿಕ ನಾರುಗಳಲ್ಲೊಂದು. ಆದರೆ ಅದಕ್ಕೆ ಕೆಲವು ಶತ್ರುಗಳಿವೆ. ಒದ್ದೆಯಾದಾಗ ಅದರ ಬಲ ಸುಮಾರು ಶೇ. 15ರಷ್ಟು ಕುಗ್ಗುತ್ತದೆ. ಕೂದಲು, ಉಣ್ಣೆಗಳಂತೆ ಅದೂ ಪ್ರೋಟೀನು. ಆದ್ದರಿಂದ ಕ್ಷಾರ ಅದನ್ನು ತಿನ್ನುತ್ತದೆ, ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ಪುಡಿ ಅದನ್ನು ನಾಶಮಾಡುತ್ತದೆ. ಬಿಸಿಲು ಅದನ್ನು ಹಳದಿಯಾಗಿಸಿ ಸಡಿಲಗೊಳಿಸುತ್ತದೆ. ಬೆವರಿನ ಉಪ್ಪು ಕೂತಲ್ಲಿ ಕೂತು ನಾರನ್ನು ಸೋಲಿಸುತ್ತದೆ. ಈ ನಾಲ್ಕೈದು ಮಾತು ತಿಳಿದವರಿಗೆ ಉಳಿದ ಉಪಾಯಗಳೆಲ್ಲ ತಾವಾಗಿ ಹೊಳೆಯುತ್ತವೆ. ಆಗಿನ ಹೆಂಗಸರಲ್ಲಿ ಹೆಚ್ಚಿನವರು ರಸಾಯನಶಾಸ್ತ್ರ ಓದಿರಲಿಲ್ಲ. ಹರಿದ ಚೀಲಗಳಿಂದಲೇ ಪಾಠ ಕಲಿತರು.

ಮೊದಲನೆಯ ನಿಯಮ, ಹೊಸ ಚೀಲವನ್ನು ತೊಡುವ ಮೊದಲೇ ಒಗೆಯುವುದು. ಹೊಸ ವಸ್ತುವನ್ನು ನೀರಿಗೆ ಹಾಕುವುದೇಕೆ ಎಂದು ಯಾರಿಗಾದರೂ ಅನ್ನಿಸೀತು. ಹಲಗೆಯ ಮೇಲೆ ಬಿಗಿಯಾಗಿ ಒಣಗಿದ ಕುಣಿಕೆಗಳು ನೀರಿನಲ್ಲಿ ನೆನೆದು ತಮ್ಮ ಸಹಜ ಸ್ಥಾನಕ್ಕೆ ಮರಳುತ್ತವೆ, ಕಾರ್ಖಾನೆಯ ಬಣ್ಣ ಮತ್ತು ಮೆರುಗಿನ ಉಳಿಕೆಗಳು ಕಳೆಯುತ್ತವೆ, ಆಮೇಲೆ ಮೊಣಕಾಲು ಮಡಚಿದಾಗ ಎಳೆತ ಎಲ್ಲ ಕುಣಿಕೆಗಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಕೆಲವರು ಮೊದಲ ನೀರಿಗೆ ಉಪ್ಪು ಬೆರೆಸಿ ರಾತ್ರಿಯಿಡೀ ನೆನೆಸುತ್ತಿದ್ದರು. ಬಣ್ಣ ನಿಲ್ಲಲೆಂದು ಹತ್ತಿಗೆ ಮಾಡುವ ಉಪಚಾರವನ್ನು ರೇಷ್ಮೆಗೂ ಹೊಂದಿಸಿದ ಹಾಗೆ ಇದು ತೋರುತ್ತದೆ. ಬೆವರಿನ ಉಪ್ಪು ಕೇಡೆಂದ ಮೇಲೆ ಬೋಗುಣಿಯ ಉಪ್ಪು ಹಿತವಾದೀತು ಹೇಗೆ? ಈ ಒಂದು ಉಪಾಯವನ್ನು ಆ ಕಾಲಕ್ಕೇ ಬಿಟ್ಟುಬಿಡಬಹುದು.

ಎರಡನೆಯದು, ಪ್ರತಿ ರಾತ್ರಿ ಒಗೆತ. ಒಂದು ದಿನ ತೊಟ್ಟ ಚೀಲವನ್ನು ಮರುದಿನಕ್ಕೆ ಹಾಗೆಯೇ ಎತ್ತಿಡುವಂತಿಲ್ಲ. ಬೆವರು ಒಣಗುವ ಮುನ್ನವೇ ತೊಳೆಯಬೇಕು. ಸೋಪಿನ ಕಂಪೆನಿಗಳು ಈ ನಿಯಮವನ್ನು ಬಹಳ ಪ್ರೀತಿಯಿಂದ ಪ್ರಚಾರ ಮಾಡಿದವು. ಇಂದು ಲಕ್ಸ್ ಎಂದರೆ ಮೈಗೆ ಹಚ್ಚುವ ಸೋಪು ಎಂದೇ ಎಲ್ಲರೂ ತಿಳಿದಿದ್ದಾರೆ. ಆ ಹೆಸರು ಮೊದಲು ಬಂದದ್ದು 1900ರಲ್ಲಿ, ನಯವಾದ ಬಟ್ಟೆಗಳನ್ನು ಒಗೆಯುವ ಸೋಪಿನ ತೆಳು ಚಕ್ಕೆಗಳಿಗೆ. ಮೈಸೋಪು ಬಂದದ್ದು ಕಾಲು ಶತಮಾನದ ನಂತರ. ಕಾಲುಚೀಲವನ್ನು ದಿನವೂ ಒಗೆಯಿರಿ ಎಂಬ ಲಕ್ಸ್ ಚಕ್ಕೆಯ ಜಾಹೀರಾತುಗಳು ಪಾಶ್ಚಾತ್ಯ ಪತ್ರಿಕೆಗಳ ತುಂಬ ಇರುತ್ತಿದ್ದವು. ಮಾರುವವನ ಲಾಭಕ್ಕೂ ಕೊಳ್ಳುವವಳ ಲಾಭಕ್ಕೂ ಇಲ್ಲಿ ಒಂದೇ ದಾರಿ ಇದ್ದುದು ಅಪರೂಪದ ಸಂಗತಿ. ಸೋಪಿನ ಗಟ್ಟಿಯನ್ನು ನೇರವಾಗಿ ಚೀಲಕ್ಕೆ ಉಜ್ಜಿದರೆ ಕುಣಿಕೆ ಜಗ್ಗುತ್ತದೆ. ಚಕ್ಕೆಯಾದರೆ ನೀರಿನಲ್ಲಿ ಕರಗಿ ನೊರೆಯಾಗುತ್ತದೆ, ಉಜ್ಜುವ ಪ್ರಮೇಯವೇ ಇಲ್ಲ.

ಒಗೆಯುವ ಕ್ರಮವೂ ಒಂದು ಶಿಸ್ತು. ಕೈಯ ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು. ನೀರು ಉಗುರು ಬೆಚ್ಚಗಿರಬೇಕು, ಅದಕ್ಕಿಂತ ಬಿಸಿ ಸಲ್ಲದು. ಮೊದಲು ನೊರೆ ಎಬ್ಬಿಸಿ ಆಮೇಲೆ ಚೀಲವನ್ನು ಇಳಿಸಬೇಕು. ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಅದುಮಿ ನೊರೆಯನ್ನು ಎಳೆಗಳ ಮೂಲಕ ಹಾಯಿಸಬೇಕು. ತಿರುಚಿ ಹಿಂಡುವುದು ಮಹಾಪರಾಧ, ಏಕೆಂದರೆ ಒದ್ದೆ ರೇಷ್ಮೆ ಬಲಗುಂದಿದ ರೇಷ್ಮೆ. ಅಷ್ಟೇ ಬೆಚ್ಚನೆಯ ನೀರಿನಲ್ಲಿ ಎರಡು ಸಲ ಜಾಲಾಡಬೇಕು. ಕೊನೆಯ ನೀರಿಗೆ ಕೆಲವು ಹನಿ ವಿನಿಗರ್ ಬೆರೆಸುವ ರೂಢಿ ಹಲವರಲ್ಲಿತ್ತು, ಇದು ಬುದ್ಧಿವಂತರ ರೂಢಿ. ಸೋಪು ಕ್ಷಾರ, ಎಷ್ಟು ಜಾಲಾಡಿದರೂ ಅದರ ಲೇಶ ಉಳಿಯುತ್ತದೆ. ತೆಳು ಆಮ್ಲ ಅದನ್ನು ತಣಿಸುತ್ತದೆ. ಜೊತೆಗೆ, ಆಮ್ಲದ ನೀರು ಕಂಡ ರೇಷ್ಮೆಗೆ ಮುಟ್ಟಿದಾಗ ಸರಸರ ಎನ್ನುವ ಆ ವಿಶಿಷ್ಟ ಸದ್ದು ಮರಳುತ್ತದೆ. ಬಳಿಕ ಒಣ ಟವಲಿನ ಮೇಲೆ ಚೀಲವನ್ನು ಹಾಸಿ, ಟವಲನ್ನು ಸುರುಳಿ ಸುತ್ತಿ ಅದುಮಿದರೆ ನೀರೆಲ್ಲ ಟವಲಿಗೆ ಇಳಿಯುತ್ತದೆ. ಆಮೇಲೆ ನೆರಳಿನಲ್ಲಿ, ಒಲೆಯಿಂದ ದೂರದಲ್ಲಿ, ನಯವಾದ ದಂಡಕ್ಕೆ ನೇತುಹಾಕುವುದು. ಮರದ ಸಿಬಿರು ಇರುವ ಗಳಕ್ಕೆ ಹಾಕಿದವಳು ಬೆಳಿಗ್ಗೆ ಏಣಿಯೊಂದಿಗೇ ಏಳುತ್ತಿದ್ದಳು.

ಚೀಲ ಹರಿಯುತ್ತಿದ್ದುದು ಒಗೆಯುವಾಗಿಗಿಂತ ತೊಡುವಾಗಲೇ ಹೆಚ್ಚು. ಚೀಲವನ್ನು ಬೆರಳಿನ ತುದಿಯವರೆಗೆ ಎರಡು ಹೆಬ್ಬೆರಳುಗಳಿಂದ ಮುದುರಿಕೊಂಡು, ಮೊದಲು ಪಾದ ಸೇರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಿಡಿಸುತ್ತ ಹೋಗಬೇಕು. ಕೈಯ ಚರ್ಮ ಒರಟಾಗಿದ್ದರೆ ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದರು. ಪಾತ್ರೆ ತಿಕ್ಕಿ ಬಟ್ಟೆ ಒಗೆದು ಬಿರಿದ ಕೈಗಳಿಗೆ ಈ ನಿಯಮ ಎಷ್ಟು ಕಟುವಾಗಿತ್ತೆಂದು ಹೇಳಬೇಕಾಗಿಲ್ಲ. ಕೆಲಸ ಮಾಡಿದ ಕೈಯೇ ಚೀಲದ ಮೊದಲ ಶತ್ರು. ಮೇಲಂಚನ್ನು ಹಿಡಿಯುವ ಕೊಂಡಿಯನ್ನು ಎರಡು ಪದರದ ದಪ್ಪ ಪಟ್ಟಿಗೇ ಸಿಕ್ಕಿಸಬೇಕು, ಕೆಳಗಿನ ತೆಳು ಭಾಗಕ್ಕಲ್ಲ. ಅದೂ ಕುಳಿತುಕೊಂಡು, ಮೊಣಕಾಲು ಮಡಚಿಕೊಂಡು. ನಿಂತು ಬಿಗಿಯಾಗಿ ಕಟ್ಟಿದವಳು ಕುರ್ಚಿಯಲ್ಲಿ ಕುಳಿತ ಕೂಡಲೇ ಮೊಣಕಾಲಿನ ಮೇಲೆ ಕುಣಿಕೆ ಹರಿಯುತ್ತಿತ್ತು.

ಕೊಳ್ಳುವ ಜಾಣ್ಮೆಯೊಂದಿತ್ತು, ಅದು ಲೆಕ್ಕದ ತರಗತಿಗೆ ಒಪ್ಪುವಂಥದ್ದು. ಒಬ್ಬಳು ಬೇರೆ ಬೇರೆ ಬಣ್ಣದ ಮೂರು ಜೋಡಿ ಕೊಂಡಳೆನ್ನೋಣ. ಪ್ರತಿ ಜೋಡಿಯಲ್ಲೂ ಒಂದೊಂದು ಚೀಲ ಹರಿದರೆ ಉಳಿದ ಮೂರು ಚೀಲಗಳಿಂದ ಒಂದು ಜೋಡಿಯೂ ಆಗದು. ಮೂರು ಡಾಲರೂ ಹೋಯಿತು. ಇನ್ನೊಬ್ಬಳು ಒಂದೇ ಬಣ್ಣದ, ಒಂದೇ ಅಳತೆಯ ಮೂರು ಜೋಡಿ ಕೊಂಡಳು. ಅವಳದೂ ಮೂರು ಚೀಲ ಹರಿದವು. ಉಳಿದ ಮೂರರಲ್ಲಿ ಒಂದು ಜೋಡಿ ಸಿದ್ಧ, ಮೇಲೊಂದು ಚೀಲ ಆಪತ್ಕಾಲಕ್ಕೆ. ಕಾಲುಚೀಲಕ್ಕೆ ಎಡ ಬಲವೆಂಬ ಭೇದವಿಲ್ಲದಿರುವುದೇ ಈ ಲೆಕ್ಕದ ಗುಟ್ಟು. ಬಟ್ಟೆಯ ಪೆಟ್ಟಿಗೆಯಲ್ಲಿ ಒಂಟಿ ಚೀಲಗಳನ್ನು ಜೋಪಾನವಾಗಿ ಇಟ್ಟುಕೊಂಡವಳನ್ನು ಜಿಪುಣಿ ಎನ್ನುವಂತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಏಣಿ ಏಳುತ್ತಿತ್ತು. ಆಗ ಮೊದಲ ಚಿಕಿತ್ಸೆ ಒದ್ದೆ ಸೋಪು. ಬಿರುಕಿನ ಎರಡೂ ತುದಿಗಳಿಗೆ ಅದನ್ನು ಒತ್ತಿದರೆ ಕುಣಿಕೆಗಳು ಅಂಟಿಕೊಂಡು ಮನೆ ತಲುಪುವವರೆಗೆ ನಿಲ್ಲುತ್ತವೆ. ಉಗುರುಬಣ್ಣ ಬಳಕೆಗೆ ಬಂದ ಮೇಲೆ ಅದರ ಒಂದು ಹನಿ ಅದೇ ಕೆಲಸವನ್ನು ಇನ್ನೂ ಗಟ್ಟಿಯಾಗಿ ಮಾಡಿತು. ಮನೆಗೆ ಬಂದ ಮೇಲೆ ಅದೇ ಬಣ್ಣದ ರೇಷ್ಮೆ ನೂಲಿನಿಂದ ಸಣ್ಣ ಹೊಲಿಗೆ. ದೊಡ್ಡ ಏಣಿಯಾದರೆ ಪೇಟೆಯಲ್ಲಿ ರಿಪೇರಿಯವರಿದ್ದರು. ಬಾಯಿ ಮುಚ್ಚಿ ತೆರೆಯುವ ಪುಟ್ಟ ಕೊಕ್ಕೆಸೂಜಿಯಿಂದ ಜಾರಿದ ಒಂದೊಂದೇ ಕುಣಿಕೆಯನ್ನು ಹಿಡಿದು, ಅಡ್ಡ ಎಳೆಗಳ ಮೆಟ್ಟಿಲು ಹತ್ತುತ್ತ ಮೇಲಿನವರೆಗೆ ಮತ್ತೆ ಹೆಣೆಯುತ್ತಿದ್ದರು. ಕಣ್ಣನ್ನು ಸವೆಸುವ ಆ ಕೆಲಸಕ್ಕೆ ಕುಳಿತವರೂ ಹುಡುಗಿಯರೇ. ಸೀರೆಗೆ ರಫೂ ಹಾಕುವವರನ್ನು ಕಂಡವರಿಗೆ ಅವರ ತಾಳ್ಮೆ ಎಂಥದೆಂದು ಊಹಿಸುವುದು ಕಷ್ಟವಲ್ಲ.

ಹೀಗೆ ಒಂದು ತುದಿಯಲ್ಲಿ ಚೀಲವನ್ನು ಉಳಿಸಿಕೊಳ್ಳಲು ಹೆಣಗಾಟ ನಡೆದಿರುವಾಗ ಇನ್ನೊಂದು ತುದಿಯಲ್ಲಿ ಹುಳು ಸಾಕುವವರ ಬದುಕು ಆ ಚೀಲಕ್ಕೇ ಜೋತುಬಿದ್ದಿತ್ತು. ಜಪಾನಿನ ಗುನ್ಮಾ, ನಗಾನೊ ಸೀಮೆಗಳ ರೈತರು ಹಿಪ್ಪುನೇರಳೆಯನ್ನು ನಂಬಿದವರು. 1929ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕೈ ಬಿಗಿಯಾದಾಗ ರೇಷ್ಮೆಯ ಬೆಲೆ ಬಿದ್ದು ಆ ಹಳ್ಳಿಗಳು ಕಂಗಾಲಾದವು. ಬೆಲೆ ಇಳಿದ ಜಪಾನಿ ರೇಷ್ಮೆ ಭಾರತದ ಮಾರುಕಟ್ಟೆಗೂ ನುಗ್ಗಿತು. ಮೈಸೂರು ಸಂಸ್ಥಾನದ ರೈತರಿಗೂ, ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ರೈತರಿಗೂ ಆ ಪೆಟ್ಟು ತಗುಲಿತು. 1934ರಲ್ಲಿ ಸರ್ಕಾರ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಹಾಕಬೇಕಾಯಿತು. ನ್ಯೂಯಾರ್ಕಿನ ಹುಡುಗಿಯೊಬ್ಬಳು ಒಂದು ಜೋಡಿ ಚೀಲ ಕಡಿಮೆ ಕೊಂಡದ್ದಕ್ಕೂ ಕಾವೇರಿಯ ತೀರದ ಚಂದ್ರಿಕೆಗಳು ಮೂಲೆ ಸೇರಿದ್ದಕ್ಕೂ ನಡುವೆ ಇಂಥದೊಂದು ಎಳೆ ಇತ್ತು.

1937ರಲ್ಲಿ ಜಪಾನ್ ಚೀನಾದ ಮೇಲೆ ಏರಿಹೋದಾಗ ಅಮೆರಿಕದಲ್ಲಿ ಜಪಾನಿ ರೇಷ್ಮೆಯ ಬಹಿಷ್ಕಾರದ ಕೂಗು ಎದ್ದಿತು. ಆ ವರ್ಷದ ಡಿಸೆಂಬರಿನಲ್ಲಿ ವ್ಯಾಸರ್ ಕಾಲೇಜಿನಲ್ಲಿ ಸೇರಿದ್ದ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಹುಡುಗಿಯರು ತಮ್ಮ ರೇಷ್ಮೆ ಚೀಲಗಳನ್ನು ಕಳಚಿ ಬೆಂಕಿಗೆ ಹಾಕಿದರು. ವಿದೇಶಿ ಬಟ್ಟೆಯ ಹೋಳಿಯನ್ನು ಕಂಡಿದ್ದ ಭಾರತೀಯರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಆದರೆ ರೇಷ್ಮೆ ಚೆನ್ನಾಗಿ ಉರಿಯದು. ಕೂದಲು ಸುಟ್ಟ ವಾಸನೆ ಬೀರುತ್ತ ಕಮರಿ, ಬೆರಳಲ್ಲಿ ಪುಡಿಯಾಗುವ ಕರಿಯ ಗುಂಡಾಗುತ್ತದೆ. ಅಪ್ಪಟ ರೇಷ್ಮೆಯನ್ನು ಗುರುತಿಸಲು ಇಂದಿಗೂ ಸೀರೆಯ ಅಂಗಡಿಯವರು ಒಂದು ಎಳೆಯನ್ನು ಹೀಗೆಯೇ ಸುಟ್ಟು ತೋರಿಸುತ್ತಾರೆ.

ಯುದ್ಧ ಬಂದ ಮೇಲೆ ಚೀಲ ಉಳಿಸುವ ವಿದ್ಯೆಗೆ ಬೇರೆಯದೇ ಬೆಲೆ ಬಂದಿತು. 1941ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರ ಉಳಿದ ಕಚ್ಚಾ ರೇಷ್ಮೆಯನ್ನೆಲ್ಲ ರಕ್ಷಣೆಗೆಂದು ಮೀಸಲಿಟ್ಟು ಜನರ ಬಳಕೆಗೆ ನಿಲ್ಲಿಸಿತು. ಅಂಗಡಿಗಳಲ್ಲಿ ಇದ್ದ ಚೀಲಗಳಿಗೆ ನೂಕುನುಗ್ಗಲಾಯಿತು. ಬ್ರಿಟನ್ನಿನಲ್ಲಿ ಅದೇ ವರ್ಷದ ಜೂನ್ 1ರಿಂದ ಬಟ್ಟೆಗೆ ಪಡಿತರ ಬಂದಿತು. ವರ್ಷಕ್ಕೆ 66 ಕೂಪನ್ನು, ಒಂದು ಜೋಡಿ ಕಾಲುಚೀಲಕ್ಕೆ 2 ಕೂಪನ್ನು. ಅದೂ ರೇಷ್ಮೆಯದಲ್ಲ, ಹತ್ತಿ ಅಥವಾ ರೇಯಾನಿನದು. ಇದ್ದುದನ್ನೇ ಸರಿಪಡಿಸಿ ಬಳಸಿರೆಂದು ಬೋಧಿಸುವ ಸರ್ಕಾರಿ ಕಿರುಹೊತ್ತಗೆ 1943ರಲ್ಲಿ ಹೊರಬಂದಿತು. ಚೀಲವೇ ಸಿಗದಿದ್ದವರು ಚಹದ ಡಿಕಾಕ್ಷನ್ನನ್ನೋ, ಸಾರಿಗೆ ಬಣ್ಣ ಕೊಡುವ ಕಂದು ಪುಡಿಯ ನೀರನ್ನೋ ಕಾಲಿಗೆ ಬಳಿದುಕೊಂಡು, ಹುಬ್ಬು ತೀಡುವ ಪೆನ್ಸಿಲಿನಿಂದ ಹಿಂಬದಿಯ ಹೊಲಿಗೆಯ ಗೆರೆಯನ್ನು ಗೆಳತಿಯ ಕೈಯಲ್ಲಿ ಎಳೆಸಿಕೊಳ್ಳುತ್ತಿದ್ದರು. ಇದನ್ನು ಕೇಳಿ ನಗು ಬರುವುದು ಸಹಜ. ಬಾಂಬು ಬೀಳುವ ಊರಿನಲ್ಲಿ ಬೆಳಿಗ್ಗೆ ಎದ್ದು ಅಚ್ಚುಕಟ್ಟಾಗಿ ಕೆಲಸಕ್ಕೆ ಹೊರಡಬೇಕೆಂಬ ಛಲ ಆ ಗೆರೆಯಲ್ಲಿತ್ತೆಂಬುದನ್ನು ಮರೆತು ನಗಬಾರದು, ಅಷ್ಟೆ.

ಅಮೆರಿಕದಲ್ಲಿ 1942ರ ನವೆಂಬರಿನಿಂದ ಹರಿದ ರೇಷ್ಮೆ ಚೀಲಗಳನ್ನೂ ಸಂಗ್ರಹಿಸತೊಡಗಿದರು. ದೊಡ್ಡ ಫಿರಂಗಿಗಳ ಮದ್ದನ್ನು ತುಂಬುವ ಚೀಲಕ್ಕೆ ರೇಷ್ಮೆ ಬೇಕಿತ್ತು. ಹತ್ತಿಯ ಚೀಲವಾದರೆ ಕೆಂಡದ ಚೂರು ಕೊಳವೆಯೊಳಗೆ ಉಳಿದು ಮುಂದಿನ ಮದ್ದಿಗೆ ಅಕಾಲದಲ್ಲಿ ಕಿಡಿ ತಾಗುವ ಭಯ. ಸಿಡಿಮದ್ದಿನ ಉರಿಯಲ್ಲಿ ರೇಷ್ಮೆ ಪೂರ್ತಿ ಸುಟ್ಟು ಹೋಗುತ್ತದೆ. ಒಗೆದು ಕೊಡಬೇಕೆಂಬ ಸೂಚನೆಯೂ ಇತ್ತು. ಇತ್ತ ಭಾರತದಲ್ಲಿ ಪ್ಯಾರಾಚೂಟಿನ ಬಟ್ಟೆಗೆ ಬೇಡಿಕೆ ಬಂದು, ಹತ್ತು ವರ್ಷದ ಹಿಂದೆ ಬೆಲೆಯಿಲ್ಲದೆ ಸೊರಗಿದ್ದ ಮೈಸೂರು ಸೀಮೆಯ ಗೂಡಿಗೆ ಮತ್ತೆ ಕಳೆ ಬಂದಿತು. ಯುದ್ಧ ಮುಗಿದ ಮೇಲೆ ಆ ಏರಿಕೆ ನಿಲ್ಲಲಿಲ್ಲ. ಉದ್ಯಮವನ್ನು ಕೈಹಿಡಿಯಲು 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕೆಲಸ ಆರಂಭಿಸಿತು. ಅದೇ ಮಂಡಳಿಯ ತಳಿ ಸಂರಕ್ಷಣಾ ಕೇಂದ್ರ ಇಂದು ಹೊಸೂರಿನಲ್ಲಿದೆ. ದೇಶ ವಿದೇಶಗಳ ರೇಷ್ಮೆಹುಳು ಮತ್ತು ಹಿಪ್ಪುನೇರಳೆಯ ತಳಿಗಳನ್ನು ಅಲ್ಲಿ ಕಾಪಿಡುತ್ತಾರೆ.

ರೇಷ್ಮೆ ಕಾಲುಚೀಲದ ಕಾಲ ಮಾತ್ರ ಮರಳಲಿಲ್ಲ. ಡುಪಾಂಟ್ ಕಂಪೆನಿ 1938ರಲ್ಲಿ ಪ್ರಕಟಿಸಿದ ನೈಲಾನ್ 1939ರ ಅಕ್ಟೋಬರಿನಲ್ಲಿ ವಿಲ್ಮಿಂಗ್‌ಟನ್ ಪಟ್ಟಣದಲ್ಲಿ 4,000 ಜೋಡಿ ಚೀಲವಾಗಿ ಮೊದಲು ಮಾರಾಟವಾಗಿ, 1940ರ ಮೇ 15ರಂದು ದೇಶದಾದ್ಯಂತ ಅಂಗಡಿಗೆ ಬಂದಿತ್ತು. ಯುದ್ಧ ಅದನ್ನೂ ಪ್ಯಾರಾಚೂಟಿಗೆ ಎಳೆದುಕೊಂಡಿತು. ಯುದ್ಧಾನಂತರ ನೈಲಾನ್ ಚೀಲ ಮತ್ತೆ ಬಂದಾಗ ಪಿಟ್ಸ್‌ಬರ್ಗಿನಲ್ಲಿ 13,000 ಜೋಡಿಗೆ 40,000 ಜನ ಸಾಲು ನಿಂತರೆಂದು ವರದಿಯಾಯಿತು. ರೇಷ್ಮೆಗೆ ಕಲಿತ ಉಪಚಾರಗಳನ್ನೇ ಹೆಂಗಸರು ನೈಲಾನಿಗೂ ಮುಂದುವರಿಸಿದರು. ಏಣಿ ಅಲ್ಲೂ ಏಳುತ್ತಿತ್ತಲ್ಲ.

ಗಡಿನಾಡಿನ ಮನೆಗಳಲ್ಲಿ ಈ ವಿದ್ಯೆಗೆ ಸಲ್ಲುವ ವಸ್ತು ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆ. ಜರಿ ಇಲ್ಲದ, ಬಣ್ಣ ಬಿಡದ ಹಗುರ ಸೀರೆಯನ್ನು ಮನೆಯಲ್ಲೇ ಒಗೆಯುವುದಾದರೆ ಮೇಲಿನ ಕ್ರಮ ಅಕ್ಷರಶಃ ಹೊಂದುತ್ತದೆ. ಒಂದು ತೊಡಕು ನೀರಿನದು. ಅನಂತಪುರ ಸೀಮೆಯ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಸೋಪು ಅದರಲ್ಲಿ ನೊರೆಯಾಗದೆ ಬಿಳಿಯ ಜಿಡ್ಡಾಗಿ ಎಳೆಗೆ ಅಂಟುತ್ತದೆ. ಆಗ ಸೋಡಾ ಬೆರೆಸಿ ನೀರನ್ನು ಮೆದುಗೊಳಿಸಲು ಹೊರಟರೆ ಕ್ಷಾರ ಹೆಚ್ಚಿ ರೇಷ್ಮೆಗೇ ಕೇಡು. ಇದನ್ನು ಅಜ್ಜಿಯರು ಎಂದೋ ಬಗೆಹರಿಸಿದ್ದರು. ಅಂಟುವಾಳದ ಕಾಯಿಯ ಸಿಪ್ಪೆಯನ್ನು ನೆನೆಸಿ ಕಿವುಚಿದರೆ ಬರುವ ನೊರೆಯಲ್ಲಿ ಕ್ಷಾರವಿಲ್ಲ, ಗಡಸು ನೀರಿನಲ್ಲಿಯೂ ಅದು ಜಿಡ್ಡು ಕಟ್ಟುವುದಿಲ್ಲ. ಮಳೆಗಾಲದಲ್ಲಿ ಹಂಚಿನಿಂದ ಇಳಿದ ನೀರನ್ನು ಮೊದಲ ಮಳೆಯದನ್ನು ಬಿಟ್ಟು ಹಿಡಿದಿಟ್ಟರೆ ಅದು ಎಲ್ಲಕ್ಕಿಂತ ಮೆದು. ವಿನಿಗರ್ ಇಲ್ಲದ ಮನೆಯಲ್ಲಿ ಒಂದು ಬಕೆಟ್ಟು ನೀರಿಗೆ ಅರ್ಧ ನಿಂಬೆಯ ಸೋಸಿದ ರಸ ಸಾಕು. ಜರಿಯಂಚಿಗೆ ಮಾತ್ರ ಅದನ್ನು ಸೋಕಿಸಬಾರದು. ಮೊದಲು ಸೀರೆಯ ಒಳಸೆರಗಿನ ಮೂಲೆಯನ್ನು ಬಿಳಿಯ ಬಟ್ಟೆಯೊಂದಿಗೆ ಒದ್ದೆ ಮಾಡಿ ಅದುಮಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಉಟ್ಟ ಸೀರೆಯನ್ನು ಕೂಡಲೇ ಪೆಟ್ಟಿಗೆಗೆ ಸೇರಿಸದೆ ಒಂದು ರಾತ್ರಿ ನೆರಳಿನಲ್ಲಿ ಹರವಿಡುವುದು ಬೆವರಿನ ಕಾರಣಕ್ಕೆ. ನುಸಿಗುಳಿಗೆಯನ್ನು ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿಡಬೇಕು. ಪ್ಲಾಸ್ಟಿಕ್ ಚೀಲಕ್ಕಿಂತ ಹಳೆಯ ಹತ್ತಿಯ ಪಂಚೆ ಲೇಸು, ಗಾಳಿಯಾಡುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಸೀರೆಯನ್ನು ಬಿಚ್ಚಿ ಹಳೆಯ ಮಡಿಕೆಯ ಗೆರೆ ತಪ್ಪಿಸಿ ಬೇರೆ ಕಡೆ ಮಡಚಬೇಕು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿದ ಸೀರೆ ಬಿಚ್ಚಿದ ದಿನ ಆ ಗೆರೆಯಲ್ಲೇ ಸೀಳುತ್ತದೆ, ಸಾಮಾನ್ಯವಾಗಿ ಮದುವೆಯ ಮನೆಗೆ ಹೊರಡುವ ಹೊತ್ತಿಗೆ.